ಯಾರದೋ ಕಣ್ಣು

ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ದುಗ್ಗುವಿಗೆ ಮತ್ತೆ ಅದೇ ಸಂಶಯ ಬಂತು: ಆವತ್ತು ತಾನು ಹಿಂತಿರುಗಿ ಬಾಗಿಲ ಕಡೆ ನೋಡಿದ್ದೆನೋ ಇಲ್ಲವೋ? ನೋಡಿರದಿದ್ದರೆ ಅದು ತಿಳಿಯದೆ ಆದ ತಪ್ಪು. ನೋಡಿದ್ದರೆ ಕಳವು. ಎರಡು ತಿಂಗಳಿನಿಂದ ಈ ಒಂದು ಪ್ರಶ್ನೆಯ ಸುತ್ತ ಅವನ ಬುದ್ಧಿ ಗಾಣದ ಎತ್ತಿನ ಹಾಗೆ ತಿರುಗುತ್ತಿತ್ತು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಅವನು ಪರೀಕ್ಷೆಗೆಂದು ಒಮ್ಮೆ ಕತ್ತು ತಿರುಗಿಸಿ ಹಿಂದೆ ನೋಡಿದ. ಹಿಂದೆ ಬಚ್ಚಲಿನ ಬಾಗಿಲಿತ್ತು. ಅದರ ಮೇಲೆ ನೀರು ಉಳಿಸಿ ಎಂದು ಮೂರು ಭಾಷೆಗಳಲ್ಲಿ ಬರೆದ ಚೀಟಿ ಇತ್ತು. ಕತ್ತು ಸಲೀಸಾಗಿ ತಿರುಗಿತು. ಮೊದಲೇ ಒಮ್ಮೆ ಹಾಗೆ ತಿರುಗಿ ಅಭ್ಯಾಸವಿದ್ದ ಹಾಗೆ ತಿರುಗಿತು. ಅವನು ಗಾಬರಿಯಿಂದ ಬಾಯಿ ಮುಕ್ಕಳಿಸಿದ.

ಹೊರಗೆ ಹೆಂಡತಿ ಶರ್ಮಿಳಾ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಕತಾರಿನ ಮುಐದರ್ ಬಡಾವಣೆಯ ಆ ವಿಲ್ಲಾವನ್ನು ಜಿಪ್ಸಮ್ ಗೋಡೆಗಳಿಂದ ಆರು ಸಂಸಾರಗಳಿಗೆ ಕುಯ್ದು ಹಂಚಿದ್ದರು. ಇವರ ಪಾಲಿಗೆ ಬಂದದ್ದು ಒಂದು ಕೋಣೆ, ಅರ್ಧ ಅಡುಗೆಮನೆ, ಮತ್ತು ಹಿಂದೊಮ್ಮೆ ಯಾರೋ ದೊಡ್ಡವರು ಅತಿಥಿಗಳನ್ನು ಕೂರಿಸುತ್ತಿದ್ದ ಹಜಾರದ ಚಿನ್ನದ ಬಣ್ಣದ ಸೂರಿನ ಒಂದು ಮೂಲೆ. ಆ ಮೂಲೆಯ ಕೆಳಗೆ ಅವಳ ಹೊಲಿಗೆಯ ಮಿಷನ್ನು. ಬಗ್ಗಿ ಇಸ್ತ್ರಿ ಎಳೆಯುವಾಗಲೆಲ್ಲ ಅವಳ ಕೊರಳಿನಿಂದ, ಕರಿಮಣಿಯ ಪಕ್ಕದಿಂದ, ಆ ಕಣ್ಣು ಮುಂದೆ ಬಂದು ನೇತಾಡುತ್ತಿತ್ತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಬೆಳ್ಳಿಯ ತಗಡು. ಅದರ ಮೇಲೆ ಒತ್ತಿ ಮೂಡಿಸಿದ ಒಂದೇ ಒಂದು ಕಣ್ಣು, ರೆಪ್ಪೆಗೂದಲಿನ ಸಮೇತ. ಹೋದ ವಾರ ನಜ್ಮಾ ಪೇಟೆಯ ಅಕ್ಕಸಾಲಿಗನ ಹತ್ತಿರ ಅವಳು ಅದಕ್ಕೆ ಸುತ್ತಲೂ ಚಿನ್ನದ ಕಟ್ಟು ಹಾಕಿಸಿದ್ದಳು. ಅಕ್ಕಸಾಲಿಗ ಭೂತಗನ್ನಡಿಯಲ್ಲಿ ಕಣ್ಣನ್ನು ನೋಡುತ್ತಿದ್ದಷ್ಟು ಹೊತ್ತೂ ದುಗ್ಗು ಅಂಗಡಿಯ ಹೊರಗೆ ನಿಂತು, ಪೊಲೀಸರ ಗಾಡಿ ಬಂದರೆ ಯಾವ ಕಡೆಗೆ ನಡೆಯುವುದು ಎಂದು ಯೋಚಿಸಿದ್ದ. ಹಿಂದಿರುಗುವಾಗ, "ಸುಮ್ಮನೆ ಯಾಕೆ ಚಿನ್ನ ಎಲ್ಲ" ಎಂದಷ್ಟೇ ಹೇಳಲು ಸಾಧ್ಯವಾಗಿತ್ತು. ಅವಳು ಅದನ್ನು ಜಿಪುಣತನ ಎಂದುಕೊಂಡಿದ್ದಳು. ಅಷ್ಟರ ಮಟ್ಟಿಗೆ ಅವನಿಗೆ ಸಮಾಧಾನವಾಗಿತ್ತು.

ಇವತ್ತು ಹೇಳಲೇಬೇಕು. ನಾಲ್ಕು ಗಂಟೆಯ ಒಳಗೆ. ನಾಲ್ಕಕ್ಕೆ ಅಲ್ ಮನ್ಸೂರಾದ ಹೋಟೆಲಿನ ಮೇಲಂತಸ್ತಿನಲ್ಲಿ ಊರ ಕಡೆಯವರ ಸಂಘದ ಮಾಸಿಕ ಸಭೆ. 'ಗ್ರೀಸ್: ನಾ ಕಂಡಂತೆ' ಎಂಬ ವಿಷಯವಾಗಿ ಶ್ರೀ ದುಗ್ಗಪ್ಪ ಸಾಲಿಯಾನ್ ಮಾತನಾಡಲಿದ್ದಾರೆಂದು ವಾಟ್ಸಾಪ್ ಗುಂಪಿನಲ್ಲಿ ಮೂರು ಬಾರಿ ಪೋಸ್ಟರ್ ಬಂದಿತ್ತು. ಶರ್ಮಿಳಾ ಮುಂದಿನ ಸಾಲಿನಲ್ಲಿ ಆ ಕಣ್ಣನ್ನು ಧರಿಸಿ ಕೂರುತ್ತಾಳೆ. ನೂರೈವತ್ತು ಜನ ಅದನ್ನು ನೋಡಿದ ಮೇಲೆ ಹೇಳಿದರೆ ಅವಳ ಮುಖಕ್ಕೆ ಆಗುವುದೇನು?

"ಎಂತ ಹಾಗೆ ನೋಡುದು?" ಎಂದಳು ಶರ್ಮಿಳಾ.

"ಎಂತ ಇಲ್ಲ."

"ಟೈ ಇಟ್ಟಿದ್ದೇನೆ, ಕಟ್ಟಿಕೊಳ್ಳಿ."

"ಟೈ ಎಲ್ಲ ಬೇಡ ಮಾರಾಯ್ತಿ."

"ಸಂಜಯಣ್ಣ ಜಾರ್ಜಿಯಾದ ಭಾಷಣಕ್ಕೇ ಟೈ ಹಾಕಿದ್ರು. ನೀವು ಯುರೋಪಿಗೆ ಹೋಗಿ ಬಂದವರು."

ಯುರೋಪಿಗೆ ಹೋಗಿ ಬಂದವರು. ಸಂಘದಲ್ಲಿ ಮನುಷ್ಯರ ಯೋಗ್ಯತೆಯನ್ನು ವೀಸಾದಿಂದ ಅಳೆಯುತ್ತಿದ್ದರು. ಈದ್ ರಜೆಗೆ ಸಲಾಲಾಕ್ಕೆ ಹೋದವರು ಕೆಳಗಿನ ಸಾಲು. ಬಾಕು, ಟಿಬಿಲಿಸಿಗೆ ಹೋಗಿ ಹಿಮದಲ್ಲಿ ಬಾಡಿಗೆಯ ಕೋಟು ತೊಟ್ಟು ಪಟ ತೆಗೆಸಿಕೊಂಡವರು ನಡುವಿನ ಸಾಲು. ಯುರೋಪಿನ ಷೆಂಗೆನ್ ಮೊಹರು ಬಿದ್ದ ಪಾಸ್‌ಪೋರ್ಟಿನವರು ಮಾತ್ರ, ಊಟದ ಸಾಲಿನಲ್ಲಿ ನಿಂತಾಗಲೂ, ನಿಂತ ಹಾಗೆ ಕಾಣುತ್ತಿರಲಿಲ್ಲ. ಅಧ್ಯಕ್ಷ ಸಂಜಯ್ ಎಂಬತ್ತನಾಲ್ಕು ಚಿತ್ರಗಳೊಡನೆ ಜಾರ್ಜಿಯಾದ ಬಗ್ಗೆ ಮಾತಾಡಿದ್ದ ದಿನ ದುಗ್ಗು ಹಿಂದಿನ ಸಾಲಿನಲ್ಲಿ ಕೂತು, ಪ್ರತಿಯೊಂದು ಚಿತ್ರದಲ್ಲೂ ಸಂಜಯನೇ ಇರುವಾಗ ಜಾರ್ಜಿಯಾ ಎಲ್ಲಿ ನಿಂತಿದೆ ಎಂದು ಹುಡುಕಿದ್ದ. ಸಂಘದ ವಾರ್ಷಿಕೋತ್ಸವದ ಲಾಟರಿಯಲ್ಲಿ, ಟ್ರಾವೆಲ್ ಏಜೆನ್ಸಿಯೊಂದು ಕೊಟ್ಟ ಮೊದಲ ಬಹುಮಾನ ತನ್ನ ಚೀಟಿಗೆ ಬಂದಾಗ ಅವನಿಗಾದದ್ದು ಸಂತೋಷವಲ್ಲ, ಹೆದರಿಕೆ. ವೇದಿಕೆಗೆ ಹೋಗಿ, "ಇದು ಆರೋ ಒಂಬತ್ತೋ, ಇನ್ನೊಮ್ಮೆ ಸರಿಯಾಗಿ ನೋಡಿ" ಎಂದು ಚೀಟಿಯನ್ನು ವಾಪಸು ಕೊಡಲು ನೋಡಿದ್ದ. ಜನ ನಕ್ಕಿದ್ದರು. ಗ್ರೀಸಿನ ದ್ವೀಪವೊಂದರಲ್ಲಿ ನಾಲ್ಕು ರಾತ್ರಿ, ಇಬ್ಬರಿಗೆ. ವಾಪಸು ಬಂದು ಸಂಘದಲ್ಲಿ ಅನುಭವ ಹಂಚಿಕೊಳ್ಳಬೇಕು ಎಂಬುದು ಷರತ್ತು.

ಇಬ್ಬರಿಗೆ ಎಂದಿದ್ದರೂ ಹೋದದ್ದು ಅವನೊಬ್ಬನೇ. ಶರ್ಮಿಳಾಳ ಬಲಗಣ್ಣಿನ ಒಳಪರದೆಯಲ್ಲಿ ತೊಂದರೆ ಕಂಡು, ಆಪರೇಷನ್ನಿಗೆ ಮೊದಲಿನ ಸ್ಕ್ಯಾನಿಗಾಗಿ ಮೂರು ತಿಂಗಳು ಕಾದು ಸಿಕ್ಕ ದಿನ, ಬಹುಮಾನದ ಅವಧಿ ಮುಗಿಯುವ ವಾರದೊಳಗೇ ಬಿದ್ದಿತ್ತು. "ನೀವು ಹೋಗಿ ಬನ್ನಿ" ಎಂದಳು ಅವಳು. ಅವನು ಆತ್ಮಸಾಕ್ಷಿ ಇರುವ ಮನುಷ್ಯ. ಒಂದು ಸಲ ಕೇಳಿ ಬಿಡಲಿಲ್ಲ. ಮರುದಿನ ಕೇಳಿದ, ಅದರ ಮರುದಿನವೂ ಕೇಳಿದ. ಮೂರು ಸಲವೂ ಅವಳು ಅದೇ ಮಾತು ಹೇಳಿದಳು. ಆಫೀಸಿನಲ್ಲಿ ಅವನದು ಕಾಗದಪತ್ರ ನಿಯಂತ್ರಿಸುವ ಕೆಲಸ. ಮೂರು ಸಲ ಕಳಿಸಿದ ನಕ್ಷೆ ಮೂರು ಸಲವೂ ಟಿಪ್ಪಣಿಯಿಲ್ಲದೆ ವಾಪಸು ಬಂದರೆ ಅದಕ್ಕೆ ಒಪ್ಪಿಗೆಯ ಮೊಹರು ಒತ್ತುವುದು ಹದಿನೆಂಟು ವರ್ಷಗಳ ಪದ್ಧತಿ. ಒತ್ತಿ ಹೊರಟಿದ್ದ.

ಆ ಊರಿನ ಹೆಸರನ್ನು ಅವನು ಇವತ್ತಿಗೂ ಸರಿಯಾಗಿ ಉಚ್ಚರಿಸಲಾರ. ಭಾಷಣದ ಚಿತ್ರಗಳಿಗೆ 'ಸಮುದ್ರತೀರದ ಒಂದು ಗ್ರಾಮ' ಎಂದಷ್ಟೇ ಹೆಸರು ಹಾಕಿದ್ದ. ಬೆಟ್ಟದಿಂದ ಮೆಟ್ಟಿಲಿಳಿದ ಹಾಗೆ ಸಮುದ್ರದವರೆಗೆ ಇಳಿದುಬಂದ ಬಿಳಿ ಮನೆಗಳು. ಕೆಳಗೆ ಕಲ್ಲಿನ ಕಟ್ಟೆ, ಅದಕ್ಕೆ ಕಟ್ಟಿದ ಬಣ್ಣದ ದೋಣಿಗಳು, ಬಟ್ಟೆ ಒಣಹಾಕುವ ತಂತಿಯಲ್ಲಿ ಸಾಲಾಗಿ ನೇತುಬಿದ್ದ ಆಕ್ಟೋಪಸ್‌ಗಳು, ಅವುಗಳ ಕೆಳಗೆ ಕಾಯುತ್ತ ಕುಳಿತ ಬೆಕ್ಕುಗಳು. ಪ್ರವಾಸಿಗಳು ಆ ತಂತಿಯ ಪಕ್ಕ ನಿಂತು ಪಟ ತೆಗೆಸಿಕೊಳ್ಳುತ್ತಿದ್ದರು. ಹೆಜಮಾಡಿಯ ಕಡಲ ಬದಿಯಲ್ಲಿ ಹುಟ್ಟಿದ ದುಗ್ಗುವಿಗೆ, ಒಣಮೀನಿನ ವಾಸನೆಗೆ ಬಸ್ಸಿನ ಕಿಟಕಿ ಮುಚ್ಚುತ್ತಿದ್ದವರ ನೆನಪಾಗಿ, ಯಾರ ಮೇಲೆಂದು ತಿಳಿಯದೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡುವ ಅಧಿಕಾರ ತನಗೆ ಅಲ್ಲಿ ಇದೆಯೋ ಇಲ್ಲವೋ ಎಂಬ ಅನುಮಾನವೂ ಬಂತು. ಪಾಸ್‌ಪೋರ್ಟು, ವೀಸಾದ ಪ್ರತಿ, ಹೋಟೆಲಿನ ರಸೀದಿ, ಕಂಪನಿಯ ಅನುಮತಿ ಪತ್ರ, ಕತಾರಿನ ಐಡಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು, ಅದನ್ನು ಕಂಕುಳಲ್ಲಿ ಹಿಡಿದುಕೊಂಡೇ ಅವನು ಸಮುದ್ರಕ್ಕೆ ಕಾಲು ಅದ್ದಿದ್ದ. ಯಾರೂ ಅದನ್ನು ಕೇಳಲಿಲ್ಲ. ನಾಲ್ಕು ದಿನವೂ ಯಾರೂ ಕೇಳಲಿಲ್ಲ. ಅದರಿಂದ ಅವನಿಗೆ ಸ್ವಲ್ಪ ಅವಮಾನವೇ ಆಯಿತು.

ಎಲ್ಲಿಯವನೆಂದು ಕೇಳಿದ್ದು ಒಬ್ಬನೇ, ಕಟ್ಟೆಯ ಮೇಲೆ ಬಲೆ ಸರಿಪಡಿಸುತ್ತಿದ್ದ ಮುದುಕ. "ಇಂಡಿಯಾ?" ಎಂದ. ಹೌದೆಂದಾಗ, "ಶಿಪ್?" ಎಂದು ದೂರದ ಬಂದರಿನ ಕಡೆ ಕೈ ತೋರಿಸಿದ. ಸರಕಿನ ಹಡಗಿನಲ್ಲಿ ಬಂದ ನಾವಿಕ ಎಂದುಕೊಂಡಿದ್ದ. ಮುದುಕನ ಮುಖದಲ್ಲಿ ಎಂಥ ಆತ್ಮೀಯತೆ ಇತ್ತೆಂದರೆ, ಅಲ್ಲ ಎನ್ನುವುದು ಅಸಭ್ಯತೆಯಾಗುತ್ತದೆ ಎನಿಸಿ ದುಗ್ಗು ತಲೆಯಾಡಿಸಿಬಿಟ್ಟ. ಆಮೇಲೆ ನಾಲ್ಕು ದಿನ ಆ ಊರಿಗೆ ಅವನು ನಾವಿಕನೇ. ಕಾಫಿ ಅಂಗಡಿಯವ ಹಡಗು ಯಾವಾಗ ಹೊರಡುತ್ತದೆ ಎಂದು ಕೇಳಿದರೆ "ಟುಮಾರೋ" ಎನ್ನುತ್ತಿದ್ದ. ಮರುದಿನ ಮತ್ತೆ ಕಂಡಾಗ ಹಡಗು ಕೆಟ್ಟಿದೆ ಎಂದು ಸನ್ನೆ ಮಾಡಬೇಕಾಯಿತು. ಹೋಟೆಲಿನ ಯಜಮಾನಿಗೆ ಮಾತ್ರ ಈ ಸುಳ್ಳು ತಲುಪಿರಲಿಲ್ಲ. ಬುಕಿಂಗ್ ಇಬ್ಬರಿಗೆ ಇದ್ದುದರಿಂದ ಆಕೆ ಪ್ರತಿ ಬೆಳಿಗ್ಗೆ ಎರಡು ಕಪ್ಪು, ಎರಡು ಮೊಟ್ಟೆ ಇಡುತ್ತಿದ್ದಳು. ದಂಡವಾಗಬಾರದೆಂದು ಅವನು ಎರಡನ್ನೂ ಮುಗಿಸುತ್ತಿದ್ದ.

ಮಧ್ಯಾಹ್ನದ ಹೊತ್ತು ಸಭೆಗೆಂದು ಕಾರಿನಲ್ಲಿ ಹೊರಟಾಗ ಶರ್ಮಿಳಾ ಪಕ್ಕದಲ್ಲಿ ಕೂತು ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬರೀ ಬಲಗಣ್ಣಿನಿಂದ ರಸ್ತೆಯ ಫಲಕಗಳನ್ನು ಓದತೊಡಗಿದಳು. ಆಪರೇಷನ್ನಾದ ಮೇಲೆ ಇದೊಂದು ಅಭ್ಯಾಸ. "ಸಲ್ವಾ ರೋಡ್. ಎಂಟು ನೂರು ಮೀಟರ್" ಎಂದು ಮಗುವಿನ ಹಾಗೆ ಜೋರಾಗಿ ಓದಿದಳು. ದುಗ್ಗು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡ. ಈಗ ಹೇಳಬೇಕು. ಆ ರೌಂಡಬೌಟ್ ದಾಟಿದ ಮೇಲೆ. ದಾಟಿದ ಮೇಲೆ ಸಿಗ್ನಲ್ ಬಂತು. ಸಿಗ್ನಲಿನಲ್ಲಿ ಹೇಳಿದರೆ ಹಸಿರು ಬರುವ ಮೊದಲು ಮುಗಿಯುತ್ತದೋ ಇಲ್ಲವೋ?

ಹೇಳಬೇಕಾಗಿದ್ದದ್ದು ದ್ವೀಪದ ಆ ಕಟ್ಟೆಯ ತುದಿಯಲ್ಲಿದ್ದ ಒಂದು ಚರ್ಚಿನ ವಿಷಯ. ಚರ್ಚು ಎನ್ನುವಷ್ಟು ದೊಡ್ಡದಲ್ಲ, ಬಿಳಿ ಸುಣ್ಣದ ಒಂದು ಗುಡಿ. ನಾಲ್ಕು ಜನ ನಿಂತರೆ ಐದನೆಯವನು ಹೊರಗೆ. ಒಳಗೆ ಯಾರೂ ಇರಲಿಲ್ಲ. ಮರಳಿನಲ್ಲಿ ಸಿಕ್ಕಿಸಿದ ಎರಡು ಮೇಣದಬತ್ತಿ ಉರಿಯುತ್ತಿದ್ದವು. ಎದುರಿಗಿದ್ದ ಸಂತಳ ಚಿತ್ರದ ಕೈಯಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಎರಡು ಕಣ್ಣು. ಚಿತ್ರದ ಕೆಳಗೆ ಕಟ್ಟಿದ ಸರಿಗೆಯಲ್ಲಿ ಬೆಳ್ಳಿಯ ಕಾಲು, ಕೈ, ಹೃದಯ, ಒಂದು ಶಿಶು, ಒಂದು ದೋಣಿ, ಹೆಚ್ಚಾಗಿ ಕಣ್ಣುಗಳು. ಅರೆ, ನಮ್ಮಲ್ಲಿಯ ಹಾಗೆಯೇ! ಆ ದ್ವೀಪಕ್ಕೆ ಬಂದ ಮೇಲೆ ಮೊದಲ ಬಾರಿಗೆ ಅವನಿಗೆ ತಾನು ಏನು ಮಾಡಬೇಕೆಂದು ಗೊತ್ತಿತ್ತು. ಚಿಕ್ಕವನಿದ್ದಾಗ ಕಿವಿ ಸೋರುತ್ತದೆಂದು ಅಮ್ಮ ಅವನನ್ನು ದೇವಸ್ಥಾನಕ್ಕೆ ಕರೆದೊಯ್ದಿದ್ದಳು. ಕೌಂಟರಿನ ಹಿತ್ತಾಳೆಯ ಹರಿವಾಣದಲ್ಲಿ ಇಂಥವೇ ಕೈಕಾಲುಗಳು. ದುಡ್ಡು ಹಾಕಿದರೆ ಭಟ್ಟರು ಒಂದು ಬೆಳ್ಳಿಯ ಕಿವಿ ಎತ್ತಿ ಕೊಟ್ಟಿದ್ದರು. ಅಮ್ಮ ಅದನ್ನು ಅವನ ಕಿವಿಗೆ ಮುಟ್ಟಿಸಿ, ಪ್ರಸಾದವೆಂದು ಮನೆಗೆ ತಂದು, ಕಿವಿ ವಾಸಿಯಾದ ಮೇಲೆ ಮರಳಿಸಿದ್ದಳು. ದುಗ್ಗು ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು, ಕಾಣಿಕೆ ಡಬ್ಬಿಗೆ ಎರಡು ಯೂರೋ ಹಾಕಿ, ಕೈಮುಗಿದು, ಶರ್ಮಿಳಾಳ ಕಣ್ಣನ್ನು ನೆನೆದು ನಿಂತ. ದುಡ್ಡು ಹಾಕಿದ ಮೇಲೆ ಪ್ರಸಾದವಿಲ್ಲದೆ ಹೊರಡುವುದು ಹೇಗೆ? ಕೊಡಲು ಯಾರೂ ಇರಲಿಲ್ಲ. ಯುರೋಪಿನಲ್ಲಿ ಎಲ್ಲವೂ ಸೆಲ್ಫ್ ಸರ್ವಿಸ್ ಎಂದು ಸಂಜಯ್ ಹೇಳಿದ್ದು ನೆನಪಿತ್ತು.

ಇಲ್ಲಿಯವರೆಗೆ ಎಲ್ಲವೂ ಸರಿ. ಇಲ್ಲಿಯವರೆಗೆ ಅವನು ಯಾವ ನ್ಯಾಯಾಲಯದಲ್ಲೂ ಹೇಳಬಲ್ಲ. ಆದರೆ ಆ ಕಣ್ಣನ್ನು ಸರಿಗೆಗೆ ಸಣ್ಣ ತಂತಿಯಿಂದ ಸುತ್ತಿ ಕಟ್ಟಿದ್ದರು, ತಂತಿಯ ಜೊತೆಗೆ ಒಂದು ನೀಲಿ ರಿಬ್ಬನ್ನು. ಮನಿ ಎಕ್ಸ್‌ಚೇಂಜಿನವರು ಹೊಸ ವರ್ಷಕ್ಕೆ ಕೊಟ್ಟ ಉಗುರುಕತ್ತರಿ ಅವನ ಬೀಗದಕೈ ಗೊಂಚಲಿನಲ್ಲಿತ್ತು. ಅದರಿಂದ ತಂತಿ ಕತ್ತರಿಸಿದ. ಪ್ರಸಾದವನ್ನು ಯಾರಾದರೂ ಉಗುರುಕತ್ತರಿಯಿಂದ ತೆಗೆಯುತ್ತಾರೆಯೇ? ಕತ್ತರಿಸುವ ಮೊದಲು ಬಾಗಿಲ ಕಡೆ ನೋಡಿದನೇ? ನೆನಪು ಅಲ್ಲಿ ಪ್ರತಿ ಸಲವೂ ಸಮುದ್ರದ ಕಡೆಗೆ ಜಾರಿಬಿಡುತ್ತಿತ್ತು. ಬಾಗಿಲಿನ ಚೌಕಟ್ಟಿನೊಳಗೆ ಬೆಳ್ಳಗೆ ಉರಿಯುತ್ತಿದ್ದ ನೀರು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಬಾಗಿಲ ಕಡೆ ನೋಡದವನಿಗೆ ಅದು ನೆನಪಿರುವುದು ಹೇಗೆ? ಬರುವಾಗ ನೋಡಿದ್ದಿರಬಹುದು. ಹೋಗುವಾಗ ನೋಡಿದ್ದಿರಬಹುದು.

ಮನೆಗೆ ತಂದು, ಕಣ್ಣಿನ ಸಂತಳ ಪ್ರಸಾದವೆಂದು ಕೊಟ್ಟಾಗ ಶರ್ಮಿಳಾ ಏನೂ ಕೇಳಲಿಲ್ಲ. ಎರಡೂ ಕಣ್ಣಿಗೆ ಒತ್ತಿಕೊಂಡು ದಿಂಬಿನ ಕೆಳಗಿಟ್ಟಳು. ಆಪರೇಷನ್ನು ನಡೆಯಿತು, ಕಟ್ಟು ಬಿಚ್ಚಿದ ನಾಲ್ಕನೆಯ ದಿನ, ಡಾಕ್ಟರು ಬೇಡವೆಂದಿದ್ದರೂ, ಸೂಜಿಗೆ ನೂಲು ಪೋಣಿಸಿ ತೋರಿಸಿದಳು. ಅಲ್ಲಿಂದ ಕಣ್ಣಿನ ಸಂಚಾರ ಶುರುವಾಯಿತು. ಜಿಪ್ಸಮ್ ಗೋಡೆಯ ಆಚೆಯ ಜೂಲಿಯೆಟ್ ಬಂದು, ಊರಿನಿಂದ ಬಂದ ತನ್ನ ತಾಯಿಯ ಕಣ್ಣಿನ ಪೊರೆಗೆಂದು ಎರಡು ದಿನಕ್ಕೆ ಕೇಳಿ ಒಯ್ದಳು. "ನಮ್ಮ ಸಂತಳೇ ಅಲ್ವಾ, ನಮಗೆ ಹಕ್ಕು ಹೆಚ್ಚು" ಎಂದು ಒಂದು ವಾರ ಇಟ್ಟುಕೊಂಡಳು. ಕೆಳಗಿನ ಮನೆಯ ಆಯಿಷಮ್ಮ, "ನಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ ಶರ್ಮಿಳಾ, ಆದ್ರೆ ಕಣ್ಣು ನಂದೇ ಅಲ್ವಾ, ಹತ್ತು ನಿಮಿಷ ಕೊಡು" ಎಂದರು. ಆಪರೇಷನ್ ಮಾಡಿದ ಡಾಕ್ಟರನ್ನು ಯಾರೂ ನೆನೆಯಲಿಲ್ಲ. ದುಗ್ಗು ಒಂದು ದಿನ ಆಫೀಸಿನ ಬಿಡುವಿನಲ್ಲಿ, ಭಾಷಣಕ್ಕೆ ಮಾಹಿತಿ ಬೇಕೆಂದು, ಕಂಪ್ಯೂಟರಿನಲ್ಲಿ ಆ ಬೆಳ್ಳಿ ತಗಡುಗಳ ಬಗ್ಗೆ ಹುಡುಕಿದ. ಅವು ಹಂಚುವ ವಸ್ತುಗಳಲ್ಲ, ಹರಕೆ ಹೊತ್ತವರು ತಂದು ಕಟ್ಟಿದವು ಎಂದಿತ್ತು. ಒಬ್ಬೊಬ್ಬರದು ಒಂದೊಂದು. ಅವನು ಆ ಪುಟ ಮುಚ್ಚಿ, ಹುಡುಕಿದ ದಾಖಲೆಯನ್ನೂ ಅಳಿಸಿಹಾಕಿದ.

ಆ ನಂತರ ಅವನ ತಲೆಯೊಳಗೆ ಅವಳು ಬಂದು ಸೇರಿಕೊಂಡಳು. ಮುಖವಿಲ್ಲದ, ಕರಿ ಉಡುಪಿನ, ಆ ಕಣ್ಣನ್ನು ಹರಕೆ ಕಟ್ಟಿದ್ದ ಆ ಊರಿನ ಯಾವುದೋ ಹೆಂಗಸು. ದುಗ್ಗು ಲಿಫ್ಟಿನಲ್ಲಿ ನಿಂತರೆ ಅವಳು ಕಟ್ಟೆಯ ಮೇಲೆ ತಡವರಿಸುತ್ತ ನಡೆಯುತ್ತಿದ್ದಳು. ಅವನು ಊಟಕ್ಕೆ ಕೂತರೆ ಅವಳು ಚರ್ಚಿಗೆ ಬಂದು ನೀಲಿ ರಿಬ್ಬನ್ನಿಗಾಗಿ ಸರಿಗೆಯ ಉದ್ದಕ್ಕೂ ಬೆರಳಾಡಿಸುತ್ತಿದ್ದಳು. ಬುಧವಾರ ಚಹಾದ ಹೊತ್ತಿಗೆ ತಡೆಯಲಾಗದೆ, ಪಕ್ಕದ ಮೇಜಿನ ಮಹಮೂದನಿಗೆ ಎಲ್ಲವನ್ನೂ ಹೇಳಿದ. ಮಹಮೂದ್ ಉಳ್ಳಾಲದವನು, ಖರೀದಿ ವಿಭಾಗದವನು, ಯಾವುದಕ್ಕೂ ರಸೀದಿ ಕೇಳುವವನು.

"ಕದ್ದದ್ದಾ?" ಎಂದ ಮಹಮೂದ್.

"ಕದ್ದದ್ದಲ್ಲ. ತಕ್ಕೊಂಡದ್ದು."

"ಕೇಳಿ ತಕ್ಕೊಂಡದ್ದಾ?"

"ಕೇಳ್ಲಿಕ್ಕೆ ಯಾರೂ ಇರ್ಲಿಲ್ಲ."

"ಕಳ್ಳರೆಲ್ಲ ಅದನ್ನೇ ಹೇಳುದು ಮಾರಾಯ." ಮಹಮೂದ್ ಚಹಾದಲ್ಲಿ ಬಿಸ್ಕತ್ತು ಅದ್ದಿದ. "ಕೊರಿಯರ್ ಮಾಡು. ಖಲಾಸ್. ಫಾರ್ಮ್ ನಾನೇ ತುಂಬಿಸ್ತೇನೆ. ಸಾಮಾನಿನ ವಿವರ: ಕಣ್ಣು, ಒಂದು. ಹೊಸದಾ ಬಳಸಿದ್ದಾ? ಬಳಸಿದ್ದು. ಕಸ್ಟಮ್ಸಿನವ ನೋಡಿದ್ರೆ ನಿನ್ನ ಜೊತೆ ನನ್ನನ್ನೂ ಒಳಗೆ ಹಾಕ್ತಾನೆ."

"ತಮಾಷೆ ಬೇಡ. ಶರ್ಮಿಳಾ ಕುತ್ತಿಗೆಗೆ ಹಾಕಿದ್ದಾಳೆ."

"ಹಾಗಾದ್ರೆ ಮೊದಲು ಅವಳಿಗೆ ಹೇಳು."

"ಹೇಳಿದ್ರೆ ಅವಳ ಕಣ್ಣಿಗೆ ಏನಾದ್ರೂ ಆದ್ರೆ? ಭಾನುವಾರ ಡಾಕ್ಟ್ರು ಕೊನೇ ಚೆಕಪ್ ಮಾಡ್ತಾರೆ. ಧೈರ್ಯ ಎಲ್ಲ ಅದರ ಮೇಲೆಯೇ ಉಂಟು ಅವಳದ್ದು."

ಮಹಮೂದ್ ಉಳಿದ ಚಹಾ ಮುಗಿಸಿದ. "ನಿನಗೆ ಹೆದರಿಕೆ ಅವಳ ಕಣ್ಣಿನದ್ದಾ, ನಿನ್ನ ಮೋರೆಯದ್ದಾ?" ಎಂದು ಕಪ್ಪನ್ನು ಕಸದ ಬುಟ್ಟಿಗೆ ಹಾಕಿ ಎದ್ದು ಹೋದ.

ಕಾರು ಅಲ್ ಮನ್ಸೂರಾ ತಲುಪಿತು. ಸಿಗ್ನಲುಗಳೆಲ್ಲ ಮುಗಿದಿದ್ದವು. ಪಾರ್ಕಿಂಗಿಗಾಗಿ ಬ್ಲಾಕನ್ನು ನಾಲ್ಕು ಸುತ್ತು ಹಾಕಿದ್ದೇ ಹೇಳದೆ ಉಳಿದದ್ದಕ್ಕೆ ಕೊನೆಯ ನೆಪವಾಯಿತು. ಮೇಲೆ ಸಭೆ ಸಿದ್ಧವಾಗಿತ್ತು. ಬೆಂಕಿಯ ಅಲಾರಂ ಹೊಡೆಯುತ್ತದೆಂದು ಬ್ಯಾಟರಿಯ ದೀಪವನ್ನು ಆರು ಜನ ಸೇರಿ ಸ್ವಿಚ್ ಒತ್ತಿ ಬೆಳಗಿದರು. ಸ್ವಾಗತದವರನ್ನು ಸ್ವಾಗತಿಸಲಾಯಿತು. ಪ್ರಾಯೋಜಕರಿಗೆ ಹೂಗುಚ್ಛ, ಹೂಗುಚ್ಛದ ಪ್ರಾಯೋಜಕರಿಗೆ ಇನ್ನೊಂದು ಹೂಗುಚ್ಛ. ಕಾರ್ಯದರ್ಶಿ ಫ್ಲೇವಿಯಾ ಪರಿಚಯ ಓದಿದಳು: ಮಂಗಳೂರಿನ ಸಂಜೆ ಕಾಲೇಜಿನಲ್ಲಿ, ಹಗಲು ಬೀಡಿ ಡಿಪೋದಲ್ಲಿ ದುಡಿಯುತ್ತ, ಪದವಿ ಪಡೆದ ಸ್ವಪ್ರಯತ್ನಶೀಲರು. ಸಂಜೆ ಕಾಲೇಜು ಎಂದಾಗ ಅವನು ಎಂದಿನಂತೆ ನೆಲ ನೋಡಿದ. ಹಗಲಿನಲ್ಲಿ ಓದಿದವರಿಗೆ ಮಾತ್ರ ಗೊತ್ತಿರುವ ಏನೋ ಒಂದು ಪಾಠ ತನಗೆ ತಪ್ಪಿಹೋಗಿದೆ ಎಂಬ ಸಂಶಯ ಅವನನ್ನು ಯಾವತ್ತೂ ಬಿಟ್ಟಿರಲಿಲ್ಲ. ಪ್ರಸಾದ ಯಾವುದು, ಹರಕೆ ಯಾವುದು ಎಂಬುದೂ ಆ ಪಾಠದಲ್ಲೇ ಇತ್ತೋ ಏನೋ.

ಪರದೆಯ ಮೇಲೆ ನೀಲಿ, ಬಿಳಿ, ನೀಲಿ. ಮೆಟ್ಟಿಲು, ಬೆಕ್ಕು, ದೋಣಿ. ಜನ ಆಹಾ ಎಂದರು. ಸಂಜಯ್ ಮುಂದಿನ ಸಾಲಿನಲ್ಲಿ ಕಾಲಿನ ಮೇಲೆ ಕಾಲು ಹಾಕಿ, ಒಂದು ಚಿತ್ರದಲ್ಲೂ ಭಾಷಣಕಾರ ಇಲ್ಲದಿರುವುದನ್ನು ಪಕ್ಕದವರಿಗೆ ತೋರಿಸುತ್ತಿದ್ದ. ಚರ್ಚಿನ ಚಿತ್ರ ಬಂತು. ದುಗ್ಗು ಮುಂದಿನ ಚಿತ್ರಕ್ಕೆ ಹೋಗಲು ಗುಂಡಿ ಒತ್ತಿದ, ಅದು ಹೋಗಲಿಲ್ಲ. ಇನ್ನೊಮ್ಮೆ ಒತ್ತಿದ. ಸಭೆ ಕಾಯುತ್ತಿತ್ತು. ಶರ್ಮಿಳಾ ಕೊರಳ ಕಣ್ಣನ್ನು ಸೀರೆಯ ಮೇಲೆ ಸರಿಯಾಗಿ ಕಾಣುವಂತೆ ಎಳೆದಿಟ್ಟುಕೊಂಡಳು. ಪಕ್ಕದವಳು ಬಗ್ಗಿ ನೋಡಿದಳು.

"ಇಲ್ಲಿ ನಾನೊಂದು ಕಣ್ಣು ಕದ್ದೆ" ಎಂದ ದುಗ್ಗು.

ಮೈಕಿನಲ್ಲಿ ತನ್ನ ಧ್ವನಿ ಕೇಳಿ ಅವನೇ ಬೆಚ್ಚಿದ. ಎಲ್ಲೋ ಒಂದು ನಗೆ ಎದ್ದಿತು. "ಇಲ್ಲ, ನಿಜ. ನನ್ನ ಹೆಂಡತಿಗೆ ನಾನು ಹೇಳಿಲ್ಲ. ಅದು ಅಲ್ಲಿ ಯಾರೋ ಹರಕೆ ಹೇಳಿ ಕಟ್ಟಿದ್ದು. ನಾನು ಎರಡು ಯೂರೋ ಹಾಕಿದೆ. ಪ್ರಸಾದ ಅಂತ ಗ್ರಹಿಸಿದೆ." ನಗೆ ದೊಡ್ಡದಾಯಿತು. "ತಂತಿಯಲ್ಲಿ ಕಟ್ಟಿದ್ರು. ಉಗುರುಕತ್ತರಿಯಲ್ಲಿ ಕತ್ತರಿಸಿದೆ." ಹಿಂದಿನ ಸಾಲಿನಲ್ಲಿ ಯಾರೋ ಮೊಣಕಾಲು ಬಡಿದುಕೊಂಡು ನಕ್ಕರು. "ದುಗ್ಗಣ್ಣ ಇಷ್ಟು ಕಾಮಿಡಿ ಮಾಡ್ತಾರೆ ಗೊತ್ತೇ ಇರ್ಲಿಲ್ಲ" ಎಂದದ್ದು ಅವನಿಗೆ ಕೇಳಿಸಿತು. ಅವನು ಕೈಯೆತ್ತಿ ನಿಲ್ಲಿಸಲು ನೋಡಿದ, ಅದಕ್ಕೂ ನಕ್ಕರು. "ಕತ್ತರಿಸುವ ಮೊದಲು ನಾನು ಬಾಗಿಲ ಕಡೆ ನೋಡಿದೆ. ಯಾರಾದರೂ ಬರ್ತಾರಾ ಅಂತ ನೋಡಿದೆ" ಎಂದ. ಹೇಳಿದ ಕ್ಷಣವೇ ಅದು ನಿಜವೆಂದು ಗೊತ್ತಾಯಿತು. ಬಾಗಿಲಿನ ಚೌಕಟ್ಟು, ಅದರಲ್ಲಿ ಬೆಳ್ಳಗೆ ಉರಿಯುವ ನೀರು, ಕಟ್ಟೆಯ ಮೇಲೆ ಯಾರೂ ಇಲ್ಲದ್ದು, ಇಲ್ಲದ್ದನ್ನು ಕಂಡು ತನ್ನ ಎದೆ ಹಗುರಾದದ್ದು, ಎಲ್ಲವೂ ಇಷ್ಟು ದಿನ ಕಾದು ನಿಂತಿದ್ದ ಹಾಗೆ ಒಟ್ಟಿಗೆ ಬಂದವು. ಸಭೆ ಚಪ್ಪಾಳೆ ಹೊಡೆಯುತ್ತಿತ್ತು. ಚಪ್ಪಾಳೆಯ ನಡುವೆ ಶರ್ಮಿಳಾ ಒಬ್ಬಳು ಅಲುಗದೆ ಕೂತಿದ್ದಳು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಿನಿಂದ ಮಾತ್ರ ಅವನನ್ನು ನೋಡುತ್ತಿದ್ದಳು.

"ಹೃದಯ ಕದ್ದವರನ್ನು ನೋಡಿದ್ದೇವೆ, ಕಣ್ಣು ಕದ್ದವರನ್ನು ಇವತ್ತೇ ನೋಡಿದ್ದು" ಎಂದು ಸಂಜಯ್ ಶಾಲು ಹೊದೆಸಿದ. ಕೈಯಲ್ಲಿ ಪ್ಲಾಸ್ಟಿಕ್ಕಿನ ಹಾಯಿದೋಣಿ ಇಟ್ಟರು. ಫ್ಲೇವಿಯಾ ಹತ್ತಿರ ಬಂದು ಪಿಸುಗುಟ್ಟಿದಳು: "ದುಗ್ಗಣ್ಣ, ಕಾಲು ಸಹ ಇತ್ತಾ ಅಲ್ಲಿ? ನಮ್ಮ ಅತ್ತೆಗೆ ಮಂಡಿನೋವು. ಇನ್ನೊಮ್ಮೆ ಹೋಗುದಿದ್ರೆ..." ದುಗ್ಗುವಿಗೆ ಕೂಗಬೇಕೆನಿಸಿತು. ತಪ್ಪೊಪ್ಪಿಗೆಯನ್ನು ಯಾರಿಗಾದರೂ ಕೊಡೋಣವೆಂದರೆ ಈ ಊರಿನಲ್ಲಿ ಅದನ್ನು ತೆಗೆದುಕೊಳ್ಳುವ ಕೌಂಟರೇ ಇರಲಿಲ್ಲ. ಎಲ್ಲರೂ ಅದಕ್ಕೆ ಸ್ಮರಣಿಕೆ ಕೊಟ್ಟು ಕಳಿಸುತ್ತಿದ್ದರು.

ಶರ್ಮಿಳಾ ಊಟಕ್ಕೆ ನಿಲ್ಲಲಿಲ್ಲ. ಮೆಟ್ಟಿಲಿಳಿದು ಹೋಟೆಲಿನ ಹಿಂದಿನ ಗಲ್ಲಿಗೆ ಅವನಿಗಿಂತ ಮುಂದೆ ನಡೆದಳು. ಇನ್ನೂ ಸಂಜೆಯ ಬೆಳಕಿತ್ತು. ಜನ ಶುಕ್ರವಾರದ ರಜೆಯ ಕೊನೆಯ ಚಹಾ ಕುಡಿಯುತ್ತ ಫುಟ್‌ಪಾತಿನಲ್ಲಿ ನಿಂತಿದ್ದರು. ದುಗ್ಗು ಶಾಲನ್ನೂ ಹಾಯಿದೋಣಿಯನ್ನೂ ಹಿಂದಿನ ಸೀಟಿನಲ್ಲಿಟ್ಟು ಎಂಜಿನ್ ಚಾಲೂ ಮಾಡಿದ.

"ಬೆಲ್ಟ್ ಹಾಕು."

ಅವಳು ಹಾಕಲಿಲ್ಲ. ಕಾರು ಟಿಣ್ ಟಿಣ್ ಎಂದು ನೆನಪಿಸತೊಡಗಿತು.

"ನನಗೆ ಮೊದಲು ಹೇಳ್ಬಹುದಿತ್ತು" ಎಂದಳು. "ನೂರೈವತ್ತು ಜನರಲ್ಲಿ ನಾನೂ ಒಬ್ಬಳಾ?"

"ಬೆಳಿಗ್ಗೆಯಿಂದ ಹೇಳ್ಬೇಕು ಅಂತ..."

"ಬೆಳಿಗ್ಗೆಯಿಂದ ಅಲ್ಲ. ಎರಡು ತಿಂಗಳಿಂದ ನಿಮ್ಮ ಮೋರೆ ನೋಡ್ತಾ ಇದ್ದೇನೆ. ಊಟ ಮಾಡುವಾಗ ಒಂಥರಾ, ಮಲಗುವಾಗ ಒಂಥರಾ. ನಾನು ಗ್ರಹಿಸಿದ್ದು ಬೇರೆ."

"ಎಂತ ಗ್ರಹಿಸಿದ್ದು?"

"ನನ್ನನ್ನು ಬಿಟ್ಟು ಹೋದದ್ದಕ್ಕೆ ನಿಮಗೆ ಬೇಜಾರು ಉಂಟು ಅಂತ."

ದುಗ್ಗು, ಹೌದು, ಅದೂ ಇತ್ತು ಎನ್ನಲು ನೋಡಿದ. ಒಳಗೆಲ್ಲ ಹುಡುಕಿದ. ಗ್ರೀಸಿನ ಹೆಂಗಸು ಇದ್ದಳು, ಅವಳ ನೀಲಿ ರಿಬ್ಬನ್ನಿತ್ತು, ಅವಳು ಬೆರಳಾಡಿಸುವ ಸರಿಗೆ ಇತ್ತು. ಇವಳನ್ನು ಬಿಟ್ಟುಹೋದ ಬೇಜಾರು ಎಲ್ಲೂ ಇರಲಿಲ್ಲ. ಇರಬೇಕಾದ ಜಾಗವೇ ಇರಲಿಲ್ಲ.

"ಅದಕ್ಕೇ ಸುಮ್ಮನಿದ್ದೆ" ಎಂದಳು ಶರ್ಮಿಳಾ. "ಪಾಪ, ಒಳಗೊಳಗೇ ನೋಯ್ತಾರೆ, ನಾನು ಮತ್ತೆ ಎಂತ ಹೇಳುದು ಅಂತ. ಆವತ್ತು ಸ್ಕ್ಯಾನಿನ ದಿನ ಜೂಲಿಯೆಟ್ ಬರ್ಲಿಕ್ಕೆ ಆಗ್ಲಿಲ್ಲ. ಅವಳಿಗೆ ಡ್ಯೂಟಿ. ಕಣ್ಣಿಗೆ ಮದ್ದು ಬಿಟ್ಟು ಕಳಿಸಿದ್ರು. ಹೊರಗೆ ಬಂದ್ರೆ ಬಿಸಿಲಿಗೆ ಎಲ್ಲ ಬೆಳ್ಳಗೆ. ಬಸ್ಸಿನ ನಂಬರ್ ಕಾಣುದಿಲ್ಲ, ಫೋನಿನ ಅಕ್ಷರ ಕಾಣುದಿಲ್ಲ. ಒಂದೂವರೆ ಗಂಟೆ ಬಸ್‌ಸ್ಟಾಪಿನಲ್ಲಿ ಕೂತೆ. ಯಾರನ್ನು ಕೇಳುದು? ಆಗ ನಿಮ್ಮ ವಿಡಿಯೋ ಕಾಲ್ ಬಂತು."

"ನನ್ನದಾ?"

"ಸಮುದ್ರ ತೋರಿಸಿದ್ರಿ. ನೋಡು ನೋಡು ಅಂತ. ನನಗೆ ಬರೀ ಬೆಳಕು. ಚೆಂದ ಉಂಟು ಹೇಳಿದೆ."

ಟಿಣ್ ಟಿಣ್ ಸದ್ದು ತಾನಾಗಿಯೇ ನಿಂತಿತು. ಶರ್ಮಿಳಾ ಸರವನ್ನು ಬಿಚ್ಚಿ ಕಣ್ಣನ್ನು ಅಂಗೈಯಲ್ಲಿಟ್ಟು ನೋಡಿದಳು. "ಭಾನುವಾರ ಡಾಕ್ಟ್ರು ನೋಡಿದ ಮೇಲೆ ಇದನ್ನು ಕಳಿಸುವ" ಎಂದಳು. "ಸುತ್ತಿನ ಚಿನ್ನ ನನ್ನದು, ಅದನ್ನು ತೆಗೆದು ಕಳಿಸುವ. ಪಾಪ, ಹರಕೆ ಕಟ್ಟಿದವಳು." ಕಣ್ಣನ್ನು ಪರ್ಸಿನಲ್ಲಿ ಹಾಕಿ ಜಿಪ್ ಎಳೆದಳು. ಅವನು ಎರಡು ತಿಂಗಳು ಹೊತ್ತದ್ದನ್ನು ಅವಳು ಅಷ್ಟರಲ್ಲಿ ಮುಗಿಸಿದ್ದಳು.

"ಶರ್ಮಿಳಾ, ನನ್ನಿಂದ ತಪ್ಪಾ..."

"ಅದೆಲ್ಲ ಬೇಡ ಈಗ. ಮೈಕಿನಲ್ಲಿ ಹೇಳಿದ್ದೀರಲ್ಲ, ಸಾಕು." ಅವಳು ಸೀಟಿನಲ್ಲಿ ಪೂರ್ತಿ ಅವನ ಕಡೆಗೆ ತಿರುಗಿ ಕೂತಳು. "ಈಗ ಹೇಳಿ. ಆ ದಿನ ನೀವು ತೋರಿಸಿದ್ದು ಎಂತ? ಹೇಗಿತ್ತು ಸಮುದ್ರ?"

"ನೀಲಿ" ಎಂದ ದುಗ್ಗು.

"ನೀಲಿ ಅಂದ್ರೆ?"

ಹಿಂದಿನಿಂದ ಹಾರ್ನ್ ಕೇಳಿಸಿತು. ಇವರ ಪಾರ್ಕಿಂಗ್ ಜಾಗಕ್ಕಾಗಿ ಕಾದಿದ್ದ ಲ್ಯಾಂಡ್ ಕ್ರೂಸರಿನವನು ಇಂಡಿಕೇಟರ್ ಹಾಕಿ, ಕಿಟಕಿಯಿಂದ ಕೈ ಹೊರಗೆ ಹಾಕಿ, "ಯಲ್ಲಾ, ಯಲ್ಲಾ" ಎಂದು ಬೀಸುತ್ತಿದ್ದ. ಹದಿನೆಂಟು ವರ್ಷಗಳಲ್ಲಿ ದುಗ್ಗು ಆ ಮಾತಿಗೆ ಎದ್ದು ಜಾಗ ಬಿಡದಿದ್ದುದಿಲ್ಲ. ಅವನ ಕೈ ತಾನಾಗಿಯೇ ಗೇರಿನ ಮೇಲೆ ಹೋಯಿತು. ಆಮೇಲೆ ಕೀಲಿಯ ಮೇಲೆ ಬಂತು. ಎಂಜಿನ್ ಆರಿಸಿದ.

"ಬೆಳಿಗ್ಗೆ ಹೊತ್ತು ಅಷ್ಟು ನೀಲಿ ಇರ್ಲಿಲ್ಲ" ಎಂದು ಶುರುಮಾಡಿದ. ಹಾರ್ನ್ ಮತ್ತೆ ಕೇಳಿಸಿತು.